ಹನ್ನೆರಡು ಬಾಯಿ, ಹನ್ನೊಂದು ಎಲೆ

ನಮ್ಮ ಊರಿನಲ್ಲಿ ಯಾರ ಮನೆಗೆ ಹೋದರೂ ಮೊದಲು ಬಚ್ಚಲ ಬಾಗಿಲ ಕಡೆ ಕಣ್ಣು ಹೋಗುತ್ತದೆ. ಅಲ್ಲಿ ಒಂದು ಕುಂಡ, ಕುಂಡದಲ್ಲಿ ಮನೆಗಿಡ. ಎಲೆ ಎಣಿಸಿಕೊಂಡರೆ ಆ ಮನೆಯಲ್ಲಿ ಉಣ್ಣುವವರು ಎಷ್ಟು ಜನ ಅನ್ನುವುದು ತಿಳಿಯುತ್ತದೆ, ಬಾಯಿಬಿಟ್ಟು ಕೇಳಬೇಕಾಗಿಲ್ಲ. ಮಗುವಿಗೆ ಅನ್ನ ಮುಟ್ಟಿಸಿದ ವಾರದಲ್ಲಿ ಒಂದು ಹೊಸ ಎಲೆ ಬರುತ್ತದೆ. ಮನೆಯಲ್ಲಿ ಯಾರಾದರೂ ಹೋದರೆ ಒಂದು ಎಲೆ ತಾನಾಗಿ ಹಳದಿಯಾಗಿ ಬೀಳುತ್ತದೆ. ನೆಂಟ ಬಂದು ಹದಿನೈದು ದಿನವಾದರೂ ಹೊರಡದಿದ್ದರೆ ಅವನ ಹೆಸರಿಗೂ ಒಂದು ಎಲೆಯ ಸುರುಳಿ ಏಳುತ್ತದೆ. ನನ್ನ ಸೋದರಮಾವನ ಎಲೆ ನಮ್ಮ ಮನೆಯಲ್ಲಿ ಏಳು ವರ್ಷ ಇತ್ತು. ಎಲೆ ಇಲ್ಲದವನು ಎಷ್ಟು ಉಂಡರೂ ಹೊಟ್ಟೆ ತುಂಬುವುದಿಲ್ಲ. ಬಾಯಿಗಿಂತ ಎಲೆ ಹೆಚ್ಚಿದ್ದರೆ ಪಾತ್ರೆಯಲ್ಲಿ ಅನ್ನ ತಾನೇ ಹೆಚ್ಚಿ ಉಕ್ಕುತ್ತದೆ. ಇಷ್ಟೇ ವಿಷಯ. ಬೇರೆ ಊರಿನವರು ಇದನ್ನು ಕೇಳಿದರೆ ಯಾಕೆ ಹಾಗೆ ಅನ್ನುತ್ತಾರೆ. ಅವರ ಊರಿನಲ್ಲಿ ಗಿಡವೇ ಇಲ್ಲದೆ ಹೊಟ್ಟೆ ತುಂಬುತ್ತದಂತೆ. ಅದು ಯಾಕೆ ಅಂತ ನಾನು ಯಾವತ್ತಾದರೂ ಕೇಳಿದ್ದೇನೆಯೇ?

ಗಿಡ ಮೂಲತಃ ಕಾಡಿನದು. ದೊಡ್ಡ ಮರಗಳ ಬುಡದಲ್ಲಿ, ಬಿಸಿಲು ಚೂರುಚೂರಾಗಿ ಬೀಳುವ ಕಡೆ, ಕೊಳೆತ ತರಗೆಲೆಯೊಳಗೆ ಗೆಡ್ಡೆ ಬಿಟ್ಟುಕೊಂಡು ಹರಡುವ ಜಾತಿ. ಅಗಲ ಎಲೆ, ಮೇಲೆ ಕುಂಚದಿಂದ ಎಳೆದ ಹಾಗೆ ಪಟ್ಟೆ, ಅಡಿಯಲ್ಲಿ ನೇರಳೆ. ಸಂಜೆಯಾದರೆ ಎಲೆಗಳೆಲ್ಲ ಎದ್ದು ನಿಂತು ಮಡಿಚಿಕೊಳ್ಳುತ್ತವೆ. ನೇರ ಬಿಸಿಲು ಆಗದು, ಕೊಳಾಯಿ ನೀರು ಆಗದು, ಒಣಗಾಳಿ ಆಗದು. ಹೊಸದಾಗಿ ಮದುವೆಯಾಗಿ ಬಂದ ಸೊಸೆಗಿಂತ ಸೂಕ್ಷ್ಮ. ಮಳೆನೀರು ಹಿಡಿದಿಟ್ಟು ಹಾಕಬೇಕು, ಎಲೆಯ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಬಚ್ಚಲ ಹಬೆ ಅದಕ್ಕೆ ಪ್ರಾಣ.

ನಮ್ಮ ಮನೆಯ ಕುಂಡದಲ್ಲಿ ಹನ್ನೆರಡು ಎಲೆ ಇದ್ದವು. ನನ್ನ ಅಣ್ಣ ಮಾದಪ್ಪ, ಅತ್ತಿಗೆ ನೀಲಾಂಬಿಕೆ, ಅತ್ತಿಗೆಯ ತಾಯಿ, ಅಣ್ಣನ ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯಂದಿರು, ಮೂರು ಮೊಮ್ಮಕ್ಕಳು, ಆಮೇಲೆ ನಾನು, ನನ್ನ ಹೆಂಡತಿ ಗಂಗಾಂಬೆ. ನಮಗೆ ಮಕ್ಕಳಿಲ್ಲ. ನನಗೆ ಇದ್ದದ್ದು ಹಾರ್ಮೋನಿಯಂ. ಊರಿನ ಹಾರ್ಮೋನಿಯಂಗಳೆಲ್ಲ ಕೆಮ್ಮು ಬಂದರೆ ನನ್ನ ಹತ್ತಿರವೇ ಬರುತ್ತವೆ. ತಿದಿ ಹರಿದಿದ್ದರೆ ತೊಗಲು ಅಂಟಿಸುವುದು, ರೀಡು ಅಪಸ್ವರವಾಗಿದ್ದರೆ ಕೆರೆದು ಶ್ರುತಿ ಮಾಡುವುದು. ಹಿತ್ತಾಳೆಯ ಆ ಸಣ್ಣ ನಾಲಿಗೆಯನ್ನು ಒಂದು ಕೂದಲೆಳೆ ಹೆಚ್ಚು ಕೆರೆದರೆ ಸ್ವರ ಹೋಯಿತು. ಅದಕ್ಕೆ ಬೇಕಾದದ್ದು ಕಿವಿ, ಕಿವಿಗೆ ಬೇಕಾದದ್ದು ನಿಶ್ಶಬ್ದ. ನಮ್ಮ ಮನೆಯಲ್ಲಿ ಎಲ್ಲಾ ಇತ್ತು, ಅದೊಂದು ಇರಲಿಲ್ಲ.

ಯಾಕೆಂದರೆ ನನ್ನ ಅಣ್ಣ ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನು. ಮೂವತ್ತೊಂದು ವರ್ಷ ಕೂಗಿ ಕೂಗಿ ಅವನ ಗಂಟಲು ದೇವಸ್ಥಾನದ ಗಂಟೆಯ ಹಾಗೆ ಆಗಿತ್ತು, ಮೆಲ್ಲಗೆ ಮುಟ್ಟಿದರೂ ಜೋರಾಗಿಯೇ ಬಾರಿಸುತ್ತಿತ್ತು. ಮನೆಗೆ ಬಂದ ಮೇಲೂ ಅಭ್ಯಾಸ ಬಿಡದು. ಸ್ನಾನಕ್ಕೆ ನೀರು ಕಾದಿದ್ದರೆ ಒಂದನೇ ಸಲ, ಎರಡನೇ ಸಲ ಅಂತ ಕೂಗುವನು. ಮೂರನೇ ಸಲಕ್ಕೆ ಯಾರೂ ಏಳದಿದ್ದರೆ ಆ ನೀರನ್ನು ತಾನೇ ಹುಯ್ದುಕೊಳ್ಳುವನು. ಮೊಮ್ಮಕ್ಕಳನ್ನು ಮಲಗಿಸುವುದೂ ಹಾಗೆಯೇ. ಮೂರನೇ ಸಲಕ್ಕೆ ಮಕ್ಕಳು ಹೆದರಿ ಕಣ್ಣು ಮುಚ್ಚಿಕೊಳ್ಳುತ್ತಿದ್ದವು.

ಒಂದು ದಿನ ಭಜನೆಯವರ ಹಾರ್ಮೋನಿಯಂ ಬಂದಿತ್ತು, ನಲವತ್ತು ವರ್ಷದ ಹಳೆಯ ಮಾಲು, ಬಹಳ ಒಳ್ಳೆಯ ದನಿ. ಎಂಟು ದಿನ ಕೂತು ಮಾಡಿದೆ. ಮಾಡಿಕೊಟ್ಟ ಮೊದಲ ಶನಿವಾರವೇ ಅವರು ವಾಪಸ್ಸು ಹೊತ್ತುಕೊಂಡು ಬಂದರು. ಹಾಡಲು ಕೂತ ಏಳು ಜನರಲ್ಲಿ ಐವರ ಗಂಟಲು ಕಟ್ಟಿತ್ತು. ನಾನು ಷಡ್ಜದ ಕೀಲಿ ಒತ್ತಿ ನೋಡಿದೆ. ಅದು ಷಡ್ಜವಲ್ಲ, ನನ್ನ ಅಣ್ಣ. ಅವನು ಪಡಸಾಲೆಯಲ್ಲಿ 'ಒಂದನೇ ಸಲಾ' ಅಂತ ಎಳೆಯುತ್ತಾನಲ್ಲ, ಆ 'ಲಾ'ಕ್ಕೆ ಸರಿಯಾಗಿ ಮೂವತ್ತೇಳು ರೀಡನ್ನೂ ನಾನು ಶ್ರುತಿ ಮಾಡಿ ಕೂರಿಸಿದ್ದೆ. ನನ್ನ ಕಿವಿಗೆ ಗೊತ್ತೇ ಆಗಿರಲಿಲ್ಲ.

ಅವತ್ತೇ ನಾನು ಪಾಲು ಕೇಳಿದೆ. ಮನೆ ಬೇಡ, ಪಾತ್ರೆ ಬೇಡ, ಗಿಡದ ಪಾಲು ಕೊಡು, ಕೆರೆ ಬೀದಿಯಲ್ಲಿ ಎರಡು ಕೋಣೆಯ ಮನೆ ನೋಡಿದ್ದೇನೆ ಅಂದೆ. ಯಾಕೆ ಅಂತ ಅಣ್ಣ ಕೇಳಿದ. ನಿನ್ನ ಗಂಟಲು ತಡೆಯಲು ನನ್ನಿಂದ ಆಗುವುದಿಲ್ಲ ಅಂದೆ. ನಾನು ಮಾತಿಗೆ ಸಕ್ಕರೆ ಸವರುವವನಲ್ಲ. ಅಣ್ಣ ಏನೋ ಹೇಳಲು ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡ. ಅತ್ತಿಗೆ ಮಾತ್ರ ಗಂಗಾಂಬೆಯನ್ನು ತಬ್ಬಿಕೊಂಡು ಅತ್ತಳು. ಗಂಗಾಂಬೆಯೂ ಅತ್ತಳು. ನನ್ನ ಹೆಂಡತಿಗೆ ಅತ್ತಿಗೆ ಅಂದರೆ ಬಹಳ ಇಷ್ಟ, ನಾನು ಅಂದರೆ ಸುಮಾರು.

ಗಿಡ ಪಾಲು ಮಾಡುವುದಕ್ಕೆ ಊರಿಗೆ ಒಬ್ಬಳೇ, ಹೊನ್ನಾಜಮ್ಮ. ಎಂಬತ್ತು ದಾಟಿದ್ದಾಳೆ, ಹಿತ್ತಾಳೆ ಚಾಕು ಹಿಡಿದರೆ ಕೈ ಅಲುಗುವುದಿಲ್ಲ. ಅವಳು ಬಂದು ಕುಂಡ ಬೋರಲು ಹಾಕಿ, ಮಣ್ಣು ಉದುರಿಸಿ, ಹನ್ನೆರಡೂ ಎಲೆಗಳನ್ನು ಬುಡಕ್ಕೆ ಕತ್ತರಿಸಿದಳು. ಗೆಡ್ಡೆಯ ಮೇಲೆ ಮೊಳಕೆಯ ಕಣ್ಣುಗಳಿರುತ್ತವೆ, ಒಂದು ಕಣ್ಣಿಗೆ ಒಂದು ಎಲೆ, ಕೊಯ್ದ ವರ್ಷ ಹೊಸ ಕಣ್ಣು ಮೂಡುವುದಿಲ್ಲ. ಹತ್ತು ಕಣ್ಣಿನ ದೊಡ್ಡ ತುಂಡು ಅಣ್ಣನಿಗೆ, ಎರಡು ಕಣ್ಣಿನ ಚಿಕ್ಕ ತುಂಡು ನನಗೆ. ಕೊಯ್ದ ಕಡೆ ಬೂದಿ ಸವರಿ, ಒದ್ದೆ ಪಾಚಿಯಲ್ಲಿ ಸುತ್ತಿ, ಬಟ್ಟೆಯಲ್ಲಿ ಎರಡು ಗಂಟು ಕಟ್ಟಿ ಬಚ್ಚಲ ಮೂಲೆಯಲ್ಲಿಟ್ಟಳು. ಒಂದು ದಿನ ಹಾಗೇ ಇರಲಿ, ಗಾಯ ಒಣಗಿದ ಮೇಲೆ ನೆಡಿ ಅಂದಳು. ಇನ್ನು ಒಂದು ವರ್ಷ ಇದಕ್ಕೆ ಚಾಕು ಮುಟ್ಟಿಸುವ ಹಾಗಿಲ್ಲ, ಮುಟ್ಟಿಸಿದರೆ ಎರಡೂ ಕೊಳೆಯುತ್ತವೆ ಅಂತಲೂ ಎಚ್ಚರಿಸಿದಳು.

ನಾನು ಚಿಕ್ಕ ಗಂಟನ್ನು ಎತ್ತಿ ನೋಡಿದೆ. ಅಂಗೈಯಷ್ಟು ಇತ್ತು. ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ಹೀಗೆಯೇ ಎರಡು ಕಣ್ಣಿನ ತುಂಡು ತೆಗೆದುಕೊಂಡು ಹೋಗಿ, ಎರಡೂ ಕೊಳೆತು, ಇಪ್ಪತ್ತೆರಡನೇ ದಿನ ಹಾಸಿಗೆ ಸುತ್ತಿಕೊಂಡು ತಮ್ಮನ ಮನೆಗೆ ವಾಪಸ್ಸು ಬಂದಿದ್ದ. ಬೀದಿಯವರೆಲ್ಲ ಜಗಲಿಯ ಮೇಲೆ ನಿಂತು ನೋಡಿದ್ದರು. ನಾನೂ ನಿಂತು ನೋಡಿದ್ದೆ, ನಕ್ಕೂ ಇದ್ದೆ. ಮರುದಿನ ಮಧ್ಯಾಹ್ನ ಎಲ್ಲರೂ ಉಂಡು ಉರುಳಿಕೊಂಡಿದ್ದಾಗ ಬಚ್ಚಲಿಗೆ ಹೋದೆ. ಎರಡು ಗಂಟಿನ ಬಟ್ಟೆಯನ್ನೂ ಬಿಚ್ಚಿ, ದೊಡ್ಡದನ್ನು ಚಿಕ್ಕದರ ಬಟ್ಟೆಯಲ್ಲಿ ಬಿಗಿಯಾಗಿ ಅಮುಕಿ ಕಟ್ಟಿದೆ, ಚಿಕ್ಕದನ್ನು ಪಾಚಿ ಸೇರಿಸಿ ದಪ್ಪ ಮಾಡಿ ದೊಡ್ಡ ಬಟ್ಟೆಯಲ್ಲಿ ಕಟ್ಟಿದೆ. ಹತ್ತರಲ್ಲಿ ಎಂಟು ಕೊಳೆತರೂ ಎರಡು ಉಳಿಯುತ್ತವಲ್ಲ ಅನ್ನುವುದು ನನ್ನ ಆಲೋಚನೆ. ಅಣ್ಣನದು ಏನಾಗುತ್ತದೆ ಅಂತ ಆಲೋಚಿಸಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ಗೆಡ್ಡೆ ಎಲೆ ಬಿಡುವ ತನಕ, ಇಪ್ಪತ್ತೊಂದು ದಿನ, ಪಾಲಾದವರಿಗೆ ಊರ ಸತ್ರದಲ್ಲಿ ಊಟ. ಅಲ್ಲಿ ಹಿತ್ತಲ ತುಂಬ ಗಿಡ ಇದೆ, ದಾರಿಹೋಕರಿಗೆ, ಮದುವೆಗೆ ಬಂದವರಿಗೆ ಅಲ್ಲಿಯೇ ಹೊಟ್ಟೆ ತುಂಬುವುದು. ಇಪ್ಪತ್ತೊಂದು ದಿನ ಮುಗಿಯಿತೆಂದರೆ ಊರಿನವರಿಗೆ ಅಲ್ಲಿ ಎಷ್ಟು ಬಡಿಸಿದರೂ ಅಷ್ಟೇ.

ಆ ದಿನಗಳಲ್ಲಿ ನಾನು ಆ ಕುಂಡವನ್ನು ಸಾಕಿದ ಹಾಗೆ ಯಾರೂ ಮಗುವನ್ನೂ ಸಾಕಿರಲಾರರು. ಕೆರೆಯಾಚೆಯ ಕಾಡಿಗೆ ಹೋಗಿ ಮರದ ಬುಡದ ಕರಿಮಣ್ಣು ತಂದೆ, ಇದ್ದಿಲು ಪುಡಿ ಸೇರಿಸಿದೆ, ಮಳೆನೀರನ್ನು ಬೆಚ್ಚಗೆ ಮಾಡಿ ಹನಿಹನಿಯಾಗಿ ಬಿಟ್ಟೆ. ಹದಿನೆಂಟನೇ ದಿನ ಒಂದು ಸುರುಳಿ ಎದ್ದಿತು, ಬೀಡಿಯ ಹಾಗೆ ಬಿಗಿಯಾಗಿ ಸುತ್ತಿಕೊಂಡು. ನಾನು ಕುಣಿಯುವುದೊಂದು ಬಾಕಿ. ಮರುದಿನ ಇನ್ನೊಂದು. ಗಂಗಾಂಬೆ ಎರಡು ಬಾಯಿಗೆ ಎರಡು ಎಲೆ ಆಯಿತು, ಇನ್ನು ಸಾಕು ಅಂದಳು. ಅದು ಅವಳ ಮಾತು ಕೇಳುತ್ತದೆಯೇ? ಇಪ್ಪತ್ತೊಂದನೇ ದಿನಕ್ಕೆ ಆರು. ಅವತ್ತು ಇಬ್ಬರಿಗೆಂದು ಇಟ್ಟ ಅನ್ನ ತಪ್ಪಲೆಯ ಮುಚ್ಚಳ ಎತ್ತಿ ಒಲೆಯ ಮೇಲೆಲ್ಲ ಚೆಲ್ಲಿತು. ಏಳನೇ ಎಲೆ ಬಂದ ದಿನ ಹಿಡಿ ಅಕ್ಕಿ ಹಾಕಿದಳು, ಆಗಲೂ ಉಕ್ಕಿತು. ನಾನು ಒಂದು ಎಲೆ ಚಿವುಟಿದೆ. ಸಂಜೆಗೆ ಅದೇ ಜಾಗದಲ್ಲಿ ಇನ್ನೊಂದು ಸುರುಳಿ. ಹತ್ತಕ್ಕೆ ನಿಂತಿತು.

"ರೀ, ಎರಡು ಕಣ್ಣಿನ ಗೆಡ್ಡೇಲಿ ಹತ್ತು ಎಲೆ ಹೆಂಗ್ರೀ ಬಂತು?" ಅಂತ ಗಂಗಾಂಬೆ ಕೇಳಿದಳು.

ಮಣ್ಣು ಒಳ್ಳೆಯದು ಅಂದೆ.

ಅಷ್ಟರಲ್ಲಿ ಹಳೇ ಮನೆಯಿಂದ ಸುದ್ದಿ ಬಂತು. ಅಲ್ಲಿ ಒಂದೇ ಎಲೆ. ಹತ್ತು ಜನ ಉಣ್ಣುತ್ತಾರೆ, ಒಬ್ಬರಿಗೆ ತುಂಬುತ್ತದೆ, ಒಂಬತ್ತು ಜನ ತಟ್ಟೆ ಹಿಡಿದುಕೊಂಡೇ ಕೂತಿರುತ್ತಾರೆ. ಇಡೀ ಸೌತೆಕಾಯಿ, ಕುಡಿಕೆ ಬೆಲ್ಲ, ಎರಡು ದಿನದ ಮುದ್ದೆ, ಏನು ತಿಂದರೂ ಹೊಟ್ಟೆ ಖಾಲಿ. ಮೊದಲ ದಿನ ಆ ಎಲೆಯ ತೃಪ್ತಿ ಅತ್ತಿಗೆಯ ತಾಯಿಗೆ ಸಿಕ್ಕಿತಂತೆ. ಆಕೆ ಹಾಯಾಗಿ ತೇಗಿದ್ದಕ್ಕೆ ಮನೆಯಲ್ಲಿ ದೊಡ್ಡ ಜಗಳವಾಯಿತು. ಎರಡನೇ ದಿನ ಅತ್ತಿಗೆ ಮೂರು ಮೊಮ್ಮಕ್ಕಳ ಕೈ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದಳು. ಗಂಗಾಂಬೆ ನನ್ನನ್ನು ಒಂದು ಮಾತೂ ಕೇಳದೆ ತಟ್ಟೆ ಹಾಕಿದಳು. ಮಕ್ಕಳು ಉಂಡು ಅಲ್ಲಿಯೇ ನಿದ್ದೆ ಹೋದವು. ಎಲೆ ಇದ್ದ ಮನೆಯಲ್ಲೇ ಮಲಗಬೇಕು, ಇಲ್ಲದಿದ್ದರೆ ಮೂರು ದಿನಕ್ಕೆ ಎಲೆ ಹಳದಿಯಾಗುತ್ತದೆ. ಹಾಗಾಗಿ ಹಾಸಿಗೆಗಳು ಬಂದವು. ಹಾಸಿಗೆಯ ಹಿಂದೆ ಸೊಸೆಯಂದಿರು, ಸೊಸೆಯಂದಿರ ಹಿಂದೆ ಗಂಡುಮಕ್ಕಳು, ಅವರ ಹಿಂದೆ ಅತ್ತಿಗೆಯ ತಾಯಿ, ಆಕೆಯ ಹಿಂದೆ ಆಕೆಯ ಒರಳು ಕಲ್ಲು. ಎರಡು ಕೋಣೆಯ ಮನೆ. ನನ್ನ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಯಾರದೋ ಒದ್ದೆ ಲಂಗ ಒಣಗುತ್ತಿತ್ತು.

ಹೊನ್ನಾಜಮ್ಮ ಎಲೆ ಎಣಿಸಲು ಬಂದಳು. ಇಲ್ಲಿ ಹತ್ತು, ಅಲ್ಲಿ ಒಂದು. ಒಟ್ಟು ಹನ್ನೊಂದು, ಬಾಯಿ ಹನ್ನೆರಡು. ಅವಳು ನನ್ನ ಮುಖ ನೋಡಿದಳು, ಆಮೇಲೆ ಕುಂಡ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ಗಂಟು ಬದಲಾದದ್ದು ಅವಳಿಗೆ ಆ ಕ್ಷಣವೇ ತಿಳಿಯಿತು. ಆದರೆ ಅವಳ ಕೆಲಸ ಎಣಿಸುವುದು, ಬಯ್ಯುವುದಲ್ಲ.

"ಒಂದು ಕಣ್ಣು ಇನ್ನೂ ಮಲಗೇ ಅದೆ ಆ ಮನೆ ಕುಂಡದಲ್ಲಿ," ಅಂದಳು. "ಏಳೋದಾದ್ರೆ ಏಳ್ತದೆ. ಅಲ್ಲೀಗಂಟ ಒಬ್ಬರು ಹಸ್ಕೊಂಡಿರ್ಬೇಕು. ಯಾರು ಅಂತ ನೀವೇ ನೋಡ್ಕಳಿ ಕಣಪ್ಪ."

ಅಣ್ಣ ಹೊಟ್ಟೆ ಸವರಿಕೊಂಡು, ಮೂವತ್ತು ವರ್ಷ ಮಂಡಿಯಲ್ಲಿ ಕೂತು ಬೆಳೆಸಿದ ಬೊಜ್ಜು ಇದೆ, ಕರಗಲಿ, ನಾನು ಇರುತ್ತೇನೆ ಅಂದ. ನಾನು ಬಾಯಿಬಿಡಬೇಕಾಗಿದ್ದ ಜಾಗ ಅದು. ಬಿಟ್ಟೆ ಕೂಡ. ಹಳೇ ಮನೆಯ ಆ ಒಂದು ಎಲೆಗೆ ನಾನು ಹೋಗುತ್ತೇನೆ, ನನಗೆ ಕೆಲಸಕ್ಕೆ ಜಾಗ ಬೇಕು ಅಂದೆ. ನನ್ನ ಹೆಂಡತಿ ನನ್ನನ್ನು ನೋಡಿದ ಬಗೆ ಇವತ್ತಿಗೂ ಬೆನ್ನಿನಲ್ಲಿ ಚುಚ್ಚುತ್ತದೆ. ಅವಳು ಬರಲಿಲ್ಲ. ನನಗೆ ಇಲ್ಲೇ ಸರಿಯಿದೆ, ನೀವು ಹೋಗಿ ನಿಮ್ಮ ನಿಶ್ಶಬ್ದ ಉಣ್ಣಿ ಅಂದಳು.

ಹೀಗೆ ನಾನು ಬಿಟ್ಟುಬಂದ ಮನೆಗೆ ನಾನೊಬ್ಬನೇ ವಾಪಸ್ಸು ಹೋದೆ. ಹದಿನಾಲ್ಕು ಕಂಬದ ಪಡಸಾಲೆ, ಸೂಜಿ ಬಿದ್ದರೆ ಕೇಳುವ ಮೌನ. ಭಜನೆಯವರ ಹಾರ್ಮೋನಿಯಂ ಬಿಚ್ಚಿ ಮೂವತ್ತೇಳು ರೀಡನ್ನೂ ಮತ್ತೆ ಮಾಡಿದೆ. ನನ್ನ ಆಯುಸ್ಸಿನಲ್ಲಿ ಅಂಥ ಶ್ರುತಿ ಕೂಡಿಸಿರಲಿಲ್ಲ. ಷಡ್ಜ ಒತ್ತಿ ಬಿಟ್ಟರೆ ಕಂಬಗಳು ಗುನುಗುತ್ತಿದ್ದವು. ಕೇಳಬನ್ನಿ ಅನ್ನಲು ತಿರುಗಿದೆ. ಯಾರಿದ್ದರು? ಬಚ್ಚಲ ಬಾಗಿಲಲ್ಲಿ ಒಂಟಿ ಎಲೆ ಇತ್ತು, ಸಂಜೆಯಾಗಿದ್ದಕ್ಕೆ ಅದೂ ಮಡಿಚಿಕೊಂಡಿತ್ತು.

ಹತ್ತು ದಿನವಾಗಿರಬೇಕು. ಒಂದು ಬೆಳಿಗ್ಗೆ ತಿದಿಗೆ ತೊಗಲು ಅಂಟಿಸುತ್ತಿದ್ದವನು ತಲೆ ಎತ್ತಿದರೆ ಅಣ್ಣ ಬಾಗಿಲಲ್ಲಿ ನಿಂತಿದ್ದಾನೆ. ಯಾವಾಗ ಬಂದೆ ಅಂದೆ. ಆಗಲೇ ಬಂದೆ, ಮೂರು ಸಲ ಕರೆದೆ, ನಿನಗೆ ಕೇಳಿಸಲಿಲ್ಲ ಅಂದ. ಆ ಮಾತನ್ನು ಕೇಳಿಸಿಕೊಳ್ಳಲೂ ನಾನು ಹತ್ತಿರ ಹೋಗಬೇಕಾಯಿತು. ಅಂಗಿಯೊಳಗೆ ಅವನು ಸಡಿಲವಾಗಿ ನೇತುಹಾಕಿದ ಹಾಗಿದ್ದ. ಹೊತ್ತಿಗೆ ಹೊತ್ತಿಗೆ ಗಂಗಾಂಬೆ ಬಡಿಸುತ್ತಾಳೆ, ತಿನ್ನುತ್ತೇನೆ, ಗಂಟಲಿನಿಂದ ಕೆಳಗೆ ಇಳಿದದ್ದು ಎಲ್ಲಿ ಹೋಗುತ್ತದೋ ಗೊತ್ತಿಲ್ಲ ಅಂದ. ಮಂಡಿಯಲ್ಲಿ ಹಿಂದಿನ ಸಾಲಿನವರಿಗೆ ಕೇಳಿಸುತ್ತಿಲ್ಲ ಅಂತ ಅವನನ್ನು ಮನೆಗೆ ಕಳಿಸಿದ್ದರು. ಬಂದದ್ದು ಯಾಕೆಂದರೆ ನನ್ನ ಕುಂಡಕ್ಕೆ ಮಳೆನೀರು ಇದೆಯೋ ಇಲ್ಲವೋ ಕೇಳಿಕೊಂಡು ಹೋಗಲು. ಒಂದು ತಂಬಿಗೆ ತಂದಿದ್ದ. ಅದನ್ನು ಇಟ್ಟು, ಕಂಬ ಹಿಡಿದುಕೊಂಡು ಮೆಲ್ಲಗೆ ಮೆಟ್ಟಿಲು ಇಳಿದು ಹೋದ.

ಅವತ್ತಿನಿಂದ ನನಗೆ ಹಾರ್ಮೋನಿಯಂ ಮುಟ್ಟಲು ಮನಸ್ಸಾಗಲಿಲ್ಲ. ಆ ಮಲಗಿದ ಕಣ್ಣನ್ನು ಎಬ್ಬಿಸುವುದೇ ಕೆಲಸವಾಯಿತು. ಹಳೆ ಮಣ್ಣು ತೆಗೆದು ಕಾಡಿನ ಮಣ್ಣು ಹಾಕಿದೆ. ಬಚ್ಚಲ ಹಂಡೆಗೆ ಹಗಲಿಡೀ ಉರಿ ಹಾಕಿ ಹಬೆ ಎಬ್ಬಿಸಿದೆ, ಕುಂಡದ ಸುತ್ತ ಗೋಣಿ ಸುತ್ತಿದೆ, ಅಕ್ಕಿ ತೊಳೆದ ನೀರು ತಣಿಸಿ ಹಾಕಿದೆ. ಬೆರಳಿನಲ್ಲಿ ಮಣ್ಣು ಸರಿಸಿ ನೋಡಿದರೆ ಕಣ್ಣು ಕೊಳೆತಿರಲಿಲ್ಲ, ಗಟ್ಟಿಯಾಗಿ, ಕೆಂಪಗೆ, ಜೋಳದ ಕಾಳಿನಷ್ಟು ಇತ್ತು. ಸುಮ್ಮನೆ ಏಳುತ್ತಿರಲಿಲ್ಲ. ಹಬೆಯ ಮನೆಯಲ್ಲಿ ಕೂತು ಕೂತು ನನ್ನ ಚರ್ಮವೇ ಚಿಗುರುವ ಹಾಗಾಯಿತು, ಅದು ಚಿಗುರಲಿಲ್ಲ. ಕೊನೆಗೆ ಹೊನ್ನಾಜಮ್ಮನ ಬಾಗಿಲಿಗೆ ಹೋಗಿ ಎಲ್ಲವನ್ನೂ ಹೇಳಿದೆ, ಗಂಟಿನ ವಿಷಯವನ್ನೂ.

ಅವಳು ಗಂಟಿನ ಸುದ್ದಿಗೆ ಹುಬ್ಬೂ ಎತ್ತಲಿಲ್ಲ. ಹಬೆ ಸರಿಯೇ, ಮಣ್ಣು ಸರಿಯೇ ಅಂತ ವಿಚಾರಿಸಿದಳು. ಆಮೇಲೆ, "ಆ ಮನೇಲಿ ಸದ್ದು ಅದಾ?" ಅಂದಳು.

ಇಲ್ಲ, ಬಹಳ ಪ್ರಶಾಂತವಾಗಿದೆ ಅಂದೆ.

"ಮೂವತ್ತು ವರ್ಸ ನಿಮ್ಮಣ್ಣ ಕೂಗಿ ಎಬ್ಬಿಸಿದ ಗಿಡ ಕಣಪ್ಪ ಅದು. ಈಗ ಯಾರೂ ಕರೀದೇ ಇದ್ರೆ ಬೆಳಗಾಯ್ತು ಅಂತ ಅದಕ್ಕೆ ಹೆಂಗೆ ಗೊತ್ತಾಗ್ಬೇಕು?"

ಮರುದಿನ ಬೆಳಿಗ್ಗೆ ನಾನು ಕುಂಡದ ಮುಂದೆ ನಿಂತೆ. ಬಾಗಿಲು ಹಾಕಿದೆ, ಕಿಟಕಿ ಹಾಕಿದೆ. ಒಂದನೇ ಸಲ ಅಂದೆ. ಇರುವೆಗೂ ಕೇಳಿಸದಷ್ಟು. ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಅಂದೆ. ಕೀರಲು ದನಿ ಬಂತು, ಶ್ರುತಿ ಇಲ್ಲ. ಶ್ರುತಿ ತಪ್ಪಿದರೆ ನನಗೆ ಕೂರಲಾಗುವುದಿಲ್ಲ, ಅದು ನನ್ನ ಜಾಡ್ಯ. ಹಾರ್ಮೋನಿಯಂ ತಂದಿಟ್ಟುಕೊಂಡು, ಅಣ್ಣನ 'ಲಾ' ಎಲ್ಲಿ ನಿಲ್ಲುತ್ತಿತ್ತೋ ಆ ಕೀಲಿ ಹುಡುಕಿ ಒತ್ತಿ, ಅದಕ್ಕೆ ಸೇರಿಸಿ ಕೂಗಿದೆ. ಈಗ ಸರಿಬಂತು. ಕಿಟಕಿ ತೆರೆದೆ. ಬದನೆ ಬುಟ್ಟಿ ಒಂದನೇ ಸಲಾ, ಕುಂಬಳಕಾಯಿ ಎರಡನೇ ಸಲಾ, ಬಿಸಿನೀರು ಮೂರನೇ ಸಲಾ ಅಂತ ಬೆಳಗಿನಿಂದ ಸಂಜೆಯವರೆಗೆ ಕೂಗಿದೆ. ರಸ್ತೆಯಲ್ಲಿ ಹೋಗುವ ಇಬ್ಬರು ಒಳಗೆ ಇಣುಕಿ ಮಾಲು ಎಲ್ಲಿ ಅಂತ ಕೇಳಿದರು. ಒಬ್ಬ ಕುಂಬಳಕಾಯಿಗೆ ದರ ಕೂಡ ಕೂಗಿದ. ಭಜನೆಯವರು ಹಾರ್ಮೋನಿಯಂ ಒಯ್ಯಲು ಬಂದವರು ಮೆಟ್ಟಿಲಿನಿಂದಲೇ ಹಿಂದಿರುಗಿದರು.

ನಾಲ್ಕನೇ ದಿನ ಮಣ್ಣು ಬಿರಿಯಿತು. ಐದನೇ ದಿನ ಒಂದು ಸುರುಳಿ ಕಂಡಿತು. ಆರನೇ ದಿನ ಅದು ಅರ್ಧ ಬಿಚ್ಚಿಕೊಂಡು ಪಟ್ಟೆ ತೋರಿಸಿತು. ನಾನು ಕೆರೆ ಬೀದಿಗೆ ಹೇಳಿಕಳಿಸಲಿಲ್ಲ, ನಾನೇ ಓಡಿದೆ. ಅಣ್ಣನನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಬಂದೆ.

ನಾನೇ ಮಾಡಿದ ಮುದ್ದೆ, ನಾನೇ ಮಾಡಿದ ಸಾರು. ಮುದ್ದೆಯಲ್ಲಿ ಗಂಟಿತ್ತು. ಅಣ್ಣ ಮೊದಲ ತುತ್ತು ನುಂಗಿ ಸುಮ್ಮನೆ ಕೂತ. ಅದು ಎಲ್ಲಿಯವರೆಗೆ ಹೋಗುತ್ತದೆ ಅಂತ ಒಳಗೇ ನೋಡುತ್ತಿದ್ದ ಹಾಗಿತ್ತು. ಎರಡನೇ ತುತ್ತಿಗೆ ಅವನ ಕಣ್ಣು ಅಗಲವಾಯಿತು. ಆಮೇಲೆ ಮೂರು ಮುದ್ದೆ ಮುಗಿಸಿದ. ತೇಗಿದ ಸದ್ದಿಗೆ ಸೂರಿನ ಪಾರಿವಾಳಗಳು ಹಾರಿದವು.

"ಸಾರಿಗೆ ಉಪ್ಪು ಜಾಸ್ತಿ," ಅಂತ ಅವನು ಕೂಗಿದ, "ಒಂದನೇ ಸಲಾ."

ಆ ದನಿ ಕೇಳಿ ನಾನು ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡೆ. ತಿರುಗಿದವನು ಹಾಗೆಯೇ, ಮುಖ ತೋರಿಸದೆ ಹೇಳಿಬಿಟ್ಟೆ. "ಅಣ್ಣ, ಗಂಟು ಬದಲಾಯ್ಸಿದ್ದು ನಾನು."

"ಗೊತ್ತು ಕಣೋ. ಅವತ್ತು ಮಧ್ಯಾಹ್ನ ನಾನು ಬಚ್ಚಲ ಎದುರಿನ ಜಗಲಿ ಮೇಲೇ ಮಲಗಿದ್ದೆ. ನೀನು ಬಾಯಲ್ಲಿ ದಾರ ಕಚ್ಕೊಂಡು ಕಟ್ಟಿದ್ದೂ ನೋಡಿದೆ."

ನೋಡಿದ್ದವನು ಯಾಕೆ ಕೂಗಲಿಲ್ಲ ಅಂತ ನನಗೆ ಸಿಟ್ಟೇ ಬಂತು. ಬೆಳಗಿನಿಂದ ಸಂಜೆಯವರೆಗೆ ಬೇಕಿದ್ದಕ್ಕೂ ಬೇಡದ್ದಕ್ಕೂ ಕೂಗುವ ಮನುಷ್ಯ, ಅದೊಂದು ಸಲ ಕೂಗಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲವಲ್ಲ ಅಂದೆ.

"ನನ್ನ ಕೂಗು ತಡೆಯಕ್ಕಾಗಲ್ಲ ಅಂತ ತಾನೇ ನೀನು ಮನೆ ಬಿಟ್ಟು ಹೊರಟಿದ್ದು," ಅಂದ ಅಣ್ಣ, ತಟ್ಟೆಯನ್ನು ಬೆರಳಿನಲ್ಲಿ ಒರೆಸುತ್ತಾ. "ಒಂದು ಸಲ ಬಾಯಿ ಮುಚ್ಕೊಂಡು ನೋಡಣ ಅಂತ ಮುಚ್ಕೊಂಡೆ. ನೋಡು, ಏನಾಯ್ತು."

ವರ್ಷ ತುಂಬಿದ ಮೇಲೆ ಹೊನ್ನಾಜಮ್ಮ ಚಾಕು ಹಿಡಿದುಕೊಂಡು ಬಂದಳು, ಈಗ ಸರಿಯಾಗಿ ಪಾಲು ಮಾಡಿಕೊಡಲೇ ಅಂತ. ಎರಡೂ ಕುಂಡವನ್ನು ಒಂದಕ್ಕೇ ಸೇರಿಸಿ ನೆಟ್ಟು ಹೋಗಮ್ಮ ಅಂದೆವು. ಕೆರೆ ಬೀದಿಯಿಂದ ಎಲ್ಲರೂ, ಅವರ ಮುಂದೆ ಗಂಗಾಂಬೆ, ಹಾಸಿಗೆ ಹೊತ್ತುಕೊಂಡು ಬಂದಾಗ ಬೀದಿಯವರೆಲ್ಲ ಜಗಲಿಯ ಮೇಲೆ ನಿಂತು ನೋಡಿದರು, ನಕ್ಕರು. ನಗಲಿ. ಭಜನೆಯವರ ಹಾರ್ಮೋನಿಯಂ ಮಾತ್ರ ಮತ್ತೆ ಅಣ್ಣನ ಶ್ರುತಿಗೇ ಹೋಗಿದೆ. ಗಂಟಲು ಕಟ್ಟುತ್ತದೆ ಅಂತ ಅವರು ಪ್ರತಿ ಶನಿವಾರ ದೂರು ತರುತ್ತಾರೆ. ನಮ್ಮ ಮನೆಯ ಗಲಾಟೆಯಲ್ಲಿ ಅವರು ಏನು ಹೇಳುತ್ತಾರೋ ನನಗೆ ಕೇಳಿಸುವುದಿಲ್ಲ.